ಬೆಳಗಿನ ಜಾವದ ನೀರು

ಹೊಂಡದ ಮೀನು ಒಟ್ಟೊಟ್ಟಿಗೆ ಸಾಯುವುದು ಹೆಚ್ಚಾಗಿ ಬೆಳಗಿನ ಜಾವ, ಮೂರು ಗಂಟೆಯಿಂದ ಆರರೊಳಗೆ. ನಾವದನ್ನು ಕಾಣುವುದು ಹಾಲು ಕರೆದು, ಡೇರಿಗೆ ಹಾಕಿ, ತೋಟದ ಕಡೆ ಬಂದ ಮೇಲೆ. ಅಷ್ಟು ಹೊತ್ತಿಗೆ ಬಿಸಿಲು ಬಿದ್ದಿರುತ್ತದೆ, ನೀರಿನ ಪಾಚಿ ಮತ್ತೆ ಆಮ್ಲಜನಕ ಬಿಡತೊಡಗಿರುತ್ತದೆ. ಹತ್ತು ಗಂಟೆಗೆ ಆ ನೀರನ್ನು ಪರೀಕ್ಷೆ ಮಾಡಿದರೆ ಏನೂ ತೊಂದರೆಯಿಲ್ಲ ಎಂದೇ ಬರುತ್ತದೆ. ನೀರು ಚೆನ್ನಾಗಿದೆ, ಮೀನು ಸತ್ತಿವೆ, ಅಂದಮೇಲೆ ಯಾರೋ ಏನೋ ಹಾಕಿದ್ದಾರೆ! ಬದುವಿನ ಜಗಳ ಮೊದಲೇ ಹೊಗೆಯಾಡುವ ಊರುಗಳಲ್ಲಿ ಈ ಒಂದು ಮಾತು ಎರಡು ಮನೆಗಳ ನಡುವೆ ಕೋರ್ಟಿನವರೆಗೂ ಹೋಗಬಲ್ಲದು.

ನಮ್ಮದು ಹೊಸದುರ್ಗ ತಾಲ್ಲೂಕು. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆ ಹೊಲಹೊಲದಲ್ಲೂ ಕೃಷಿ ಹೊಂಡ ಕಾಣಿಸಿಕೊಂಡವು. ನಮ್ಮ ಹೊಂಡ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ, ಒಳಗೆ ಪಾಲಿಥಿನ್ ಹಾಳೆ. ತೆಗೆಸಿದ್ದು ತೆಂಗಿಗೆ ಬೇಸಿಗೆಯಲ್ಲಿ ನಾಲ್ಕು ಸಲ ನೀರು ಕೊಡುವುದಕ್ಕೆ. ನಿಂತ ನೀರಿನಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಟರೆ ಮನೆಖರ್ಚಿಗೊಂದು ದಾರಿಯಾಗುತ್ತದೆ ಎಂಬುದು ಆಮೇಲೆ ಹೊಳೆದ ಲೆಕ್ಕ.

2022ರ ಮಳೆಗಾಲವನ್ನು ಚಿತ್ರದುರ್ಗದ ಸೀಮೆಯವರು ಮರೆಯುವುದಿಲ್ಲ. 1933ರ ನಂತರ ಮತ್ತೆ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು ಆ ಸೆಪ್ಟೆಂಬರಿನಲ್ಲಿ. ಜನ ಹಿರಿಯೂರಿನ ದಾರಿ ಹಿಡಿದು ಮಾರಿಕಣಿವೆಯ ಆ ಅಣೆಕಟ್ಟು ನೋಡಲು ಹೋಗುತ್ತಿದ್ದರು. ನಮ್ಮ ಹೊಂಡಗಳೂ ತುಂಬಿ ತುಳುಕುತ್ತಿದ್ದವು. ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ ಮೋಡ ಕವಿದ ದಿನಗಳ ಬೆನ್ನಿಗೇ ಒಂದು ಬೆಳಿಗ್ಗೆ ನಮ್ಮ ಕಾಟ್ಲಾಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ಒಂದೊಂದೂ ಕೈತುಂಬ ಹಿಡಿಯುವಷ್ಟು ಬೆಳೆದಿದ್ದವು.

ಕೆಲಸಕ್ಕೆ ಬಂದಿದ್ದ ಹುಡುಗ ಪಕ್ಕದ ಹೊಲದ ಕಡೆ ಕೈ ತೋರಿಸಿ, "ಅಕ್ಕಾ, ಇದು ಔಷ್ದಿ ಹಾಕಿರೋದೇ ಕಣಕ್ಕ. ನಿನ್ನೆ ಅವ್ರು ಈರುಳ್ಳಿಗೆ ಹೊಡೀತಿದ್ರು," ಅಂದ. ಮನೆಯಲ್ಲೂ ಅದೇ ಮಾತು ಎದ್ದಿತು. ನನ್ನನ್ನು ತಡೆದದ್ದು ನೀರಿನ ಹುಳಗಳು. ಸತ್ತ ಮೀನಿನ ನಡುವೆಯೇ ಅವು ಎಂದಿನಂತೆ ಓಡಾಡುತ್ತಿದ್ದವು, ಅಂಚಿನಲ್ಲಿ ಕಪ್ಪೆಮರಿಗಳೂ ಬದುಕಿದ್ದವು. ಹುಳ ಕೊಲ್ಲುವ ಔಷಧಿ ಹರಿದು ಬಂದಿದ್ದರೆ ಮೊದಲು ಸಾಯಬೇಕಾದವು ಹುಳಗಳೇ ಅಲ್ಲವೇ? ಮೇಲಕ್ಕೆ ಬಂದು ಗಾಳಿ ಎಳೆದುಕೊಳ್ಳಬಲ್ಲವು ಉಳಿದಿವೆ, ನೀರಿನಲ್ಲೇ ಉಸಿರಾಡಬೇಕಾದ ಮೀನು ಹೋಗಿವೆ. ಅದರಲ್ಲೂ ದೊಡ್ಡವು ಹೋಗಿವೆ, ಬೆರಳುದ್ದದ ಗೆಂಡೆ ಮರಿಗಳು ಉಳಿದಿವೆ. ಸತ್ತ ಮೀನಿನ ಬಾಯಿ ಪೂರ್ತಿ ತೆರೆದಿತ್ತು, ಕಿವಿರು ಅಗಲಿಸಿತ್ತು. ಇದು ಉಸಿರು ಕಟ್ಟಿದ ಸಾವು.

ಮಾರನೇ ದಿನ ನಾಲ್ಕು ಗಂಟೆಗೇ ಟಾರ್ಚ್ ಹಿಡಿದು ಹೋದೆ. ಉಳಿದ ರೋಹುಗಳೆಲ್ಲ ನೀರಿನ ಮಟ್ಟಕ್ಕೆ ಬಾಯಿ ತಂದು ಚಪ್ಪರಿಸುತ್ತಿದ್ದವು. ಬೆಳಕು ಬಿಟ್ಟರೂ ಓಡಲಿಲ್ಲ. ಆರೋಗ್ಯವಾಗಿರುವ ಮೀನು ಟಾರ್ಚಿನ ಬೆಳಕಿಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಕಂಡದ್ದು ಹಗಲೆಲ್ಲ ಹೊಂಡದ ದಡದಲ್ಲಿ ಕೂತರೂ ಕಾಣುವಂಥದ್ದಲ್ಲ.

ಆಗುವುದು ಇಷ್ಟು. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಕೊಡುತ್ತದೆ, ಕತ್ತಲಾದ ಮೇಲೆ ಅದೂ ಮೀನಿನಂತೆಯೇ ಉಸಿರಾಡುತ್ತದೆ. ಮೋಡದ ದಿನ ಸಂಪಾದನೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಗೆಂಡೆ ಜಾತಿಯ ಮೀನಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಸುಖ. 2ಕ್ಕೆ ಇಳಿದರೆ ಮೇಲೆ ಬಂದು ಒದ್ದಾಡುತ್ತವೆ, 1ಕ್ಕಿಂತ ಕೆಳಗೆ ಹೆಚ್ಚು ಹೊತ್ತು ನಿಂತರೆ ಸಾಯುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಏಳೂವರೆಯಷ್ಟೇ ಹಿಡಿಯುತ್ತದೆ. ಇದರ ಮೇಲೆ ಜೋರು ಮಳೆ ಬಂದರೆ ಮೇಲಿನ ನೀರು ತಣ್ಣಗಾಗಿ ಕೆಳಗಿಳಿಯುತ್ತದೆ, ತಿನ್ನದೆ ಉಳಿದ ಮೇವು, ಹಿಕ್ಕೆ ಕೊಳೆತ ತಳದ ನೀರು ಮೇಲೆ ಬರುತ್ತದೆ. ನಮ್ಮ ಹೊಂಡಗಳು ಚಿಕ್ಕವು, ಆದರೆ ಆಳ. ಹಾಗಾಗಿ ಈ ಮಗುಚಾಟ ನಮ್ಮಲ್ಲಿ ಜೋರು.

ಇದರಲ್ಲಿ ನಮ್ಮ ಸೀಮೆಯದೇ ಒಂದು ಸೂಚನೆಯಿದೆ, ಅದನ್ನು ಯಾವ ಕೈಪಿಡಿಯಲ್ಲೂ ನಾನು ಕಂಡಿಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳ ಮೇಲೆಲ್ಲ ವಿದ್ಯುತ್ತಿನ ಗಾಳಿಯಂತ್ರಗಳಿವೆ, ನಾವು ಫ್ಯಾನು ಅನ್ನುತ್ತೇವೆ. ಆಷಾಢದ ಗಾಳಿಯಲ್ಲಿ ಅವು ಹಗಲಿರುಳು ತಿರುಗುತ್ತವೆ, ಹೊಂಡದ ನೀರೂ ರಾತ್ರಿಯೆಲ್ಲ ಅಲೆಯಾಡುತ್ತದೆ. ಆ ತಿಂಗಳಲ್ಲಿ ಉಸಿರುಕಟ್ಟಿ ಸತ್ತ ಮೀನನ್ನು ನಮ್ಮ ಸುತ್ತಮುತ್ತ ನಾನು ನೋಡಿಲ್ಲ. ಭಾದ್ರಪದದ ಹೊತ್ತಿಗೆ ಗಾಳಿ ಬಿದ್ದುಹೋಗುತ್ತದೆ, ಮೋಡ ನಿಲ್ಲುತ್ತದೆ, ಸೆಕೆ. ಸಂಜೆ ಗುಡ್ಡದ ಫ್ಯಾನುಗಳು ನಿಂತಿದ್ದರೆ, ಆಕಾಶ ಕಪ್ಪಗಿದ್ದರೆ, ಅವತ್ತು ನಾನು ಮೇವು ಹಾಕುವುದಿಲ್ಲ, ಎಂಜಿನ್ನಿಗೆ ಡೀಸೆಲ್ ತುಂಬಿಸಿಡುತ್ತೇನೆ. ಮೂರು ಫೇಸ್ ಕರೆಂಟ್ ನಮಗೆ ಬೇಕಾದ ಹೊತ್ತಿಗೆ ಇರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಎಂಜಿನ್ ಹಾಕಿ ಹೊಂಡದ ನೀರನ್ನೇ ಎತ್ತಿ, ಪೈಪಿನ ಬಾಯಿಗೆ ತೂತಿನ ಡಬ್ಬ ಕಟ್ಟಿ, ಆಳೆತ್ತರದಿಂದ ಮತ್ತೆ ಹೊಂಡಕ್ಕೇ ಸುರಿಸುವುದು. ಸೂರ್ಯ ಮೇಲೇರುವವರೆಗೆ ಅಷ್ಟು ಸಾಕು.

ಬೋರ್‌ವೆಲ್ ನೀರು ಬಿಟ್ಟರೆ ಆಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನೂರಾರು ಅಡಿ ಕೆಳಗಿನಿಂದ ಬಂದ ನೀರಿನಲ್ಲಿ ಆಮ್ಲಜನಕ ಇರುವುದೇ ಕಡಿಮೆ. ಪೈಪನ್ನು ನೇರ ಹೊಂಡದಲ್ಲಿ ಮುಳುಗಿಸಿಟ್ಟರೆ ಒದ್ದಾಡುವ ಮೀನಿಗೆ ಇನ್ನಷ್ಟು ಕಷ್ಟ. ಅದನ್ನೂ ಚಿಮ್ಮಿಸಿಯೇ ಬಿಡಬೇಕು.

ಇನ್ನೊಂದು ಅಪಾಯ ಸುಣ್ಣದ್ದು. ಮೀನು ಸತ್ತ ಕೂಡಲೇ ಹೊಂಡಕ್ಕೆ ಸುಣ್ಣ ಎರಚಿ ಎಂಬ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಮರಿ ಬಿಡುವ ಮೊದಲು ಸುಣ್ಣ ಒಳ್ಳೆಯದೇ. ಆದರೆ ಮೇವು ಕೊಳೆತು ಅಮೋನಿಯಾ ಏರಿರುವ ನೀರಿಗೆ ಸುಟ್ಟ ಸುಣ್ಣ ಬಿದ್ದರೆ ಪಿಎಚ್ ಮೇಲೇರುತ್ತದೆ, ಅದರ ಜೊತೆ ಅಮೋನಿಯಾದ ವಿಷವೂ ಏರುತ್ತದೆ. ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ನಮ್ಮ ಬಿಸಿಲಿನ ನೀರಿನಲ್ಲಿ ಪಿಎಚ್ 9 ಆದರೆ ಅದು ನೂರಕ್ಕೆ ನಲವತ್ತರ ಆಸುಪಾಸಿಗೆ ಹೋಗುತ್ತದೆ. ಪಾಚಿ ದಟ್ಟವಾದ ಹೊಂಡದಲ್ಲಿ ಸಂಜೆ ಹೊತ್ತಿಗೆ ಪಿಎಚ್ ತಾನಾಗಿಯೇ 9 ದಾಟುವುದುಂಟು. ಅದಕ್ಕೇ ಪಿಎಚ್ ಅನ್ನು ಸಂಜೆ ನೋಡಬೇಕು, ಆಮ್ಲಜನಕವನ್ನು ಬೆಳಗಿನ ಜಾವ ನೋಡಬೇಕು. ಉಪಕರಣ ಇಲ್ಲದವರು ಮೊಣಕೈವರೆಗೆ ಕೈ ಮುಳುಗಿಸಿ ನೋಡಿದರೂ ಪಾಚಿಯ ಅಂದಾಜು ಸಿಗುತ್ತದೆ. ಅಂಗೈ ಮಸುಕಾಗಿ ಕಂಡರೆ ಸರಿ, ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಮರೆಯಾದರೆ ಹಿಂಡಿ, ತೌಡು ನಿಲ್ಲಿಸಿ ಅರ್ಧ ನೀರನ್ನು ತೆಂಗಿಗೆ ಬಿಡುವುದು ಒಳ್ಳೆಯದು. ಆ ನೀರಿಗಿಂತ ಒಳ್ಳೆಯ ಗೊಬ್ಬರ ತೆಂಗಿಗೆ ಬೇಕಿಲ್ಲ. ಹಸಿರು ನೀರು ರಾತ್ರೋರಾತ್ರಿ ಕಂದು ಬಣ್ಣಕ್ಕೆ ತಿರುಗಿತೋ, ಪಾಚಿ ಸತ್ತಿದೆ ಎಂದು ತಿಳಿದು ಎಂಜಿನ್ ಹಗಲೂ ನಡೆಸಬೇಕು.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಮನೆಯೊಳಗೆ ಉಪ್ಪುನೀರಿನ ಗಾಜಿನ ತೊಟ್ಟಿಯಿಟ್ಟು ಹವಳ, ಬಣ್ಣದ ಮೀನು ಸಾಕುತ್ತಾನೆ. "ದೊಡ್ಡಮ್ಮ, ರಾತ್ರಿ ಚೆನ್ನಾಗಿದ್ವು, ಬೆಳಿಗ್ಗೆ ಎಲ್ಲ ಹೋಗಿವೆ," ಎಂದು ಫೋನ್ ಮಾಡಿದ. ಸಮುದ್ರದ ಮೀನು ನಾನು ಕಂಡವಳಲ್ಲ, ಆದರೂ ಕೇಳಿದ್ದು ಅವೇ ಪ್ರಶ್ನೆ: ಯಾವುದು ಮೊದಲು ಹೋಯಿತು, ದೊಡ್ಡದೋ ಚಿಕ್ಕದೋ? ಸೀಗಡಿ, ಬಸವನಹುಳು ಇವೆಯೇ? ರಾತ್ರಿ ಕರೆಂಟ್ ಹೋಗಿತ್ತೇ? ಹೋಗಿತ್ತು, ಪಂಪು ನಿಂತಿತ್ತು. ಉಪ್ಪುನೀರು ಅದೇ ಬಿಸಿಯ ಸಿಹಿನೀರಿಗಿಂತ ಐದರಲ್ಲೊಂದು ಪಾಲಿನಷ್ಟು ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಹಾಗಾಗಿ ಅಲ್ಲಿ ಸಮಯ ಇನ್ನೂ ಕಡಿಮೆ. ಅವನ ಸೀಗಡಿಗಳೂ ಸತ್ತಿದ್ದರೆ, ಮನೆಯಲ್ಲಿ ಸೊಳ್ಳೆ ಔಷಧಿ ಹೊಡೆದಿರಾ ಎಂದು ಕೇಳುತ್ತಿದ್ದೆ. ಈಗ ಬ್ಯಾಟರಿಯ ಗಾಳಿಪಂಪು ಇಟ್ಟುಕೊಂಡಿದ್ದಾನೆ.

ನಿಜವಾಗಿ ಔಷಧಿಯಿಂದಲೇ ಸಾಯುವುದಿಲ್ಲವೆಂದಲ್ಲ. ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮೀನಿಗೆ ಬಹಳ ಕೆಟ್ಟವು, ಸಿಂಪಡಿಸುವ ಡ್ರಮ್ಮನ್ನು ಹೊಂಡದಲ್ಲಿ ತೊಳೆದರೂ ಸಾಕು. ಆಗ ಚಿಕ್ಕದು ದೊಡ್ಡದೆನ್ನದೆ, ಹಗಲು ರಾತ್ರಿಯೆನ್ನದೆ ಸಾಯುತ್ತವೆ, ಹುಳಗಳೂ ಉಳಿಯುವುದಿಲ್ಲ, ಸಾಯುವ ಮೊದಲು ಮೀನು ದಿಕ್ಕೆಟ್ಟು ಗಿರಕಿ ಹೊಡೆಯುತ್ತದೆ. ಹೇನು ಹತ್ತಿದರೆ, ಹುಣ್ಣು ಬಂದರೆ ಸಾವು ದಿನಕ್ಕೆ ಒಂದೆರಡರಂತೆ ಬರುತ್ತದೆ, ಒಂದೇ ರಾತ್ರಿಯಲ್ಲಲ್ಲ. ಔಷಧಿಯ ಗುರುತು ಕಂಡರೆ ಮೀನು ಇನ್ನೂ ಒದ್ದಾಡುತ್ತಿರುವಾಗಲೇ ಸ್ವಚ್ಛ ಗಾಜಿನ ಬಾಟಲಿಗೆ ಬಾಯಿವರೆಗೆ ನೀರು ತುಂಬಿ ಮುಚ್ಚಿ, ಈಗಷ್ಟೇ ಸತ್ತ ಎರಡು ಮೀನನ್ನು ಬೇರೆ ಕವರಿನಲ್ಲಿ ಕಟ್ಟಿ, ಎರಡನ್ನೂ ಐಸಿನಲ್ಲಿಟ್ಟು, ಗಂಟೆ ಬರೆದು, ತಾಲ್ಲೂಕಿನ ಮೀನುಗಾರಿಕೆ ಇಲಾಖೆಗೋ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ ಅವತ್ತೇ ಒಯ್ದು ಮುಂದೇನೆಂದು ಕೇಳಬೇಕು. ಪಕ್ಕದ ಹೊಲದವರ ಬಾಗಿಲಿಗೆ ಹೋಗುವುದಿದ್ದರೆ ಆ ವರದಿ ಕೈಗೆ ಬಂದ ಮೇಲೆ.