ದಾರಿ ಬಿಡುವ ಧರ್ಮ

ಸೃಷ್ಟಿಯ ಕಾಲದ ಅಧ್ಯಯನ ಪಾಠ

ಮೊದಲು ಓದಿಕೊಳ್ಳಿ: ಸಂಖ್ಯಾಕಾಂಡ 20:14-21, 1 ಅರಸುಗಳು 21:1-19, ಯಾಜಕಕಾಂಡ 25:23, ಕೀರ್ತನೆ 104:20-23



ಸೆಪ್ಟೆಂಬರ್ 1ರಿಂದ ಸಂತ ಅಸಿಸಿಯ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲವನ್ನು ಆಚರಿಸುತ್ತೇವೆ. ಪಟ್ಟಣದ ಧರ್ಮಕೇಂದ್ರಗಳಲ್ಲಿ ಈ ದಿನಗಳಲ್ಲಿ ಸಸಿ ನೆಡುತ್ತಾರೆ, ಪ್ಲಾಸ್ಟಿಕ್ ಹೆಕ್ಕುತ್ತಾರೆ. ಒಳ್ಳೆಯ ಕೆಲಸವೇ. ಆದರೆ ತಾಳವಾಡಿ ಸೀಮೆಯ ನಮಗೆ ಸೃಷ್ಟಿ ಎಂದೊಡನೆ ನೆನಪಾಗುವುದು ಸಸಿಯಲ್ಲ, ಆನೆ. ರಾಗಿ ತೆನೆ ಕಟ್ಟುವ ಹೊತ್ತಿಗೆ, ಬಾಳೆ ಗೊನೆ ಬಿಡುವ ಹೊತ್ತಿಗೆ ಅದು ಬರುತ್ತದೆ. ಅಟ್ಟಣೆಯ ಮೇಲೆ ಟಾರ್ಚ್ ಹಿಡಿದು ರಾತ್ರಿ ಕಳೆದವರು ಬೆಳಿಗ್ಗೆ ಪೂಜೆಗೆ ಬಂದು ಕೂತಾಗ, ಸೃಷ್ಟಿಯನ್ನು ಪ್ರೀತಿಸಿ ಎಂಬ ಮಾತು ಅವರ ಕಿವಿಗೆ ಹಿತವಾಗಿರುವುದಿಲ್ಲ. ಆದ್ದರಿಂದ ಅವರನ್ನು ಮುಂದಿಟ್ಟುಕೊಂಡೇ ಈ ಪಾಠವನ್ನು ಕಲಿಯೋಣ. ನಮ್ಮ ಪ್ರಶ್ನೆ ಒಂದೇ: ಕಾಡುಪ್ರಾಣಿಗೆ ದಾರಿ ಬಿಡಬೇಕಾದರೆ ಅದರ ಬೆಲೆಯನ್ನು ಯಾರು ತೆರಬೇಕು?

1. ಆನೆಯ ದಾರಿ

ನಮ್ಮ ಸುತ್ತ ಸತ್ಯಮಂಗಲದ ಕಾಡು. ಬಡಗಣಕ್ಕೆ ಬಿಳಿಗಿರಿರಂಗನ ಬೆಟ್ಟ. ಪಡುವಣಕ್ಕೆ ಮೋಯಾರ್ ಕಣಿವೆಯಾಚೆ ಮುದುಮಲೆ, ಬಂಡೀಪುರ. ಮೂಡಣಕ್ಕೆ ಮಲೆ ಮಹದೇಶ್ವರ ಬೆಟ್ಟ. ನಕ್ಷೆಯಲ್ಲಿ ಇವು ಬೇರೆ ಬೇರೆ ಹೆಸರಿನ, ಬೇರೆ ಬೇರೆ ರಾಜ್ಯದ ಕಾಡುಗಳು. ಆನೆಗೆ ಇದೆಲ್ಲ ಒಂದೇ ಮನೆ. ಬೆಳೆದ ಆನೆ ದಿನಕ್ಕೆ ನೂರು ಕಿಲೋಗೂ ಹೆಚ್ಚು ಮೇವು ತಿನ್ನುತ್ತದೆ, ನೂರು ಲೀಟರಿನಷ್ಟು ನೀರು ಕುಡಿಯುತ್ತದೆ. ಒಂದೇ ಕಡೆ ನಿಂತರೆ ಆ ಕಾಡು ಅದಕ್ಕೆ ಸಾಲದು. ಅದಕ್ಕಾಗಿ ಮಳೆ ನೋಡಿಕೊಂಡು, ಹಿರಿಯ ಹೆಣ್ಣಾನೆಯ ಹಿಂದೆ, ಹಿಂಡು ಒಂದು ಕಾಡಿನಿಂದ ಇನ್ನೊಂದಕ್ಕೆ ನಡೆಯುತ್ತದೆ.

ಎರಡು ಕಾಡುಗಳ ನಡುವೆ ಉಳಿದಿರುವ ಕಿರಿದಾದ ಪಟ್ಟಿಯೇ ಆನೆ ದಾರಿ, ಅಂದರೆ ಕಾರಿಡಾರ್. ಕೆಲವು ಕಡೆ ಅದರ ಅಗಲ ಒಂದು ಕಿಲೋಮೀಟರೂ ಇಲ್ಲ. ಅಲ್ಲಿ ಒಂದು ರೆಸಾರ್ಟ್, ಒಂದು ಇಟ್ಟಿಗೆ ಗೂಡು, ಒಂದು ಉದ್ದನೆಯ ಬೇಲಿ ಎದ್ದರೂ ಸಾಕು, ಸಾವಿರಾರು ಎಕರೆಯ ಎರಡು ಕಾಡುಗಳು ಒಂದಕ್ಕೊಂದು ಇಲ್ಲವಾಗುತ್ತವೆ. ಭಾರತದ ಇಂಥ ದಾರಿಗಳನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸಂಸ್ಥೆ 2005ರಲ್ಲಿ ಪಟ್ಟಿ ಮಾಡಿದಾಗ 88 ದಾರಿಗಳನ್ನು ಗುರುತಿಸಿತು. 2017ರ ಪಟ್ಟಿಯಲ್ಲಿ 101 ಇದ್ದವು. ಕೇಂದ್ರ ಸರ್ಕಾರದ 2023ರ ವರದಿಯಲ್ಲಿ 150 ಇವೆ.

ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರದ 35ನೇ ಪರಿಚ್ಛೇದದಲ್ಲಿ ಇದೇ ವಿಷಯವಿದೆ. ಹೆದ್ದಾರಿ, ತೋಟ, ಬೇಲಿ, ಅಣೆಕಟ್ಟುಗಳಿಂದ ಜೀವಿಗಳ ನೆಲೆ ತುಂಡಾಗಿ ಅವುಗಳ ಓಡಾಟ ನಿಂತುಹೋಗುವುದನ್ನು ಹೇಳಿ, ಅದನ್ನು ತಗ್ಗಿಸಲು ಜೈವಿಕ ದಾರಿಗಳನ್ನು ಉಳಿಸುವ ಉಪಾಯವನ್ನು ಅವರು ಸೂಚಿಸುತ್ತಾರೆ.

2. ಎದೋಮಿನ ಗಡಿಯಲ್ಲಿ

ಈಗ ಸಂಖ್ಯಾಕಾಂಡಕ್ಕೆ ಬರೋಣ. ಈಜಿಪ್ಟಿನಿಂದ ಹೊರಟ ಇಸ್ರಯೇಲರು ಕಾದೇಶಿಗೆ ಬಂದಿದ್ದಾರೆ. ಮುಂದೆ ಎದೋಮ್ಯರ ನಾಡು. ಮೋಶೆ ಅಲ್ಲಿನ ಅರಸನಿಗೆ ದೂತರನ್ನು ಕಳುಹಿಸಿ ಕೇಳುವುದು ದಾರಿಯನ್ನು ಮಾತ್ರ, ನೆಲವನ್ನಲ್ಲ. ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಇಳಿಯುವುದಿಲ್ಲ, ಬಾವಿಯ ನೀರು ಮುಟ್ಟುವುದಿಲ್ಲ, ರಾಜಮಾರ್ಗ ಬಿಟ್ಟು ಅತ್ತಿತ್ತ ಹೋಗುವುದಿಲ್ಲ ಎನ್ನುತ್ತಾರೆ. ದನಕರು ನೀರು ಕುಡಿದರೆ ಹಣ ಕೊಡುತ್ತೇವೆ ಎಂದೂ ಹೇಳುತ್ತಾರೆ. ಎದೋಮ್ ಒಪ್ಪುವುದಿಲ್ಲ, ಸೇನೆಯೊಡನೆ ಬಂದು ಗಡಿಯಲ್ಲಿ ನಿಲ್ಲುತ್ತದೆ. ಇಸ್ರಯೇಲರು ಸುತ್ತು ದಾರಿ ಹಿಡಿಯುತ್ತಾರೆ. ಮುಂದಿನ ಅಧ್ಯಾಯದಲ್ಲಿ ಆ ಸುತ್ತು ದಾರಿಯಲ್ಲೇ ಜನರ ತಾಳ್ಮೆ ಕೆಡುತ್ತದೆ. ಅನಂತರ ಸೀಹೋನ ಅರಸನೂ ದಾರಿ ಕೊಡದಿದ್ದಾಗ ಯುದ್ಧವೇ ಆಗುತ್ತದೆ.

ಇಲ್ಲಿ ನಾವು ಕಲಿಯುವುದೇನು? ದಾರಿ ಮುಚ್ಚಿದರೆ ನಡೆಯುವವರು ಇಲ್ಲವಾಗುವುದಿಲ್ಲ, ಬೇರೆ ಕಡೆಯಿಂದ ಬರುತ್ತಾರೆ. ಇದು ನಮಗೆ ಗೊತ್ತಿರುವ ಸತ್ಯ. ಮೇಲಿನ ಹೊಲದವರು ಸೋಲಾರ್ ಬೇಲಿ ಹಾಕಿದ ವರ್ಷ ಆನೆ ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಬೇಲಿ ಹಾಕಲು ದುಡ್ಡಿಲ್ಲದವರ ಹೊಲವೇ ಕೊನೆಗೆ ದಾರಿಯಾಗುತ್ತದೆ. ಎಲ್ಲರೂ ಸೇರಿ ಒಂದು ದಾರಿ ಬಿಡದಿದ್ದರೆ, ಎಲ್ಲರಿಗಿಂತ ಬಡವನ ಜಮೀನಿನ ಮೇಲೆ ದಾರಿ ಬೀಳುತ್ತದೆ.

ಆನೆ ಮೋಶೆಯಂತೆ ಮಾತು ಕೊಡಲಾರದು ನಿಜ. ದಾರಿ ಬಿಟ್ಟ ಮಾತ್ರಕ್ಕೆ ಬೆಳೆ ಪೂರ್ತಿ ಉಳಿಯುತ್ತದೆ ಎಂದು ನಾವು ಹೇಳುವುದಿಲ್ಲ. ಬಾಳೆಯ, ಕಬ್ಬಿನ ರುಚಿ ಕಂಡ ಒಂಟಿ ಸಲಗ ದಾರಿಯಿದ್ದರೂ ಬಂದೀತು. ಆದರೆ ದಾರಿಯೇ ಇಲ್ಲದಿದ್ದರೆ ಮರಿಗಳ ಸಮೇತ ಇಡೀ ಹಿಂಡು ಹೊಲದ ಮೇಲೆಯೇ ಹಾಯಬೇಕಾಗುತ್ತದೆ.

3. ನಾಬೋತನ ತೋಟ

ಹಾಗಾದರೆ ದಾರಿಯಲ್ಲಿರುವ ರೈತನನ್ನು ಎಬ್ಬಿಸಿಬಿಡೋಣವೇ? ಇದಕ್ಕೆ ಉತ್ತರ ಅರಸುಗಳ ಗ್ರಂಥದಲ್ಲಿದೆ. ಅಹಾಬ ಅರಸನಿಗೆ ನಾಬೋತನ ದ್ರಾಕ್ಷಿ ತೋಟ ಬೇಕಾಯಿತು. ಬೇರೆ ತೋಟವನ್ನೋ ಹಣವನ್ನೋ ಕೊಡುತ್ತೇನೆಂದ. ಪಿತ್ರಾರ್ಜಿತ ಭೂಮಿ ಕೊಡಲಾರೆ ಎಂದು ನಾಬೋತ ಹೇಳಿದ. ಕೊನೆಗೆ ಸುಳ್ಳು ಸಾಕ್ಷಿ ಹುಟ್ಟಿಸಿ ಅವನನ್ನು ಕಲ್ಲೆಸೆದು ಕೊಂದರು. ಪ್ರವಾದಿ ಎಲೀಯ ಬಂದು ಅರಸನ ಮುಖಕ್ಕೆ ನಿಂತು ನ್ಯಾಯ ಕೇಳಿದ.

ಕಾಡು ಉಳಿಸುವ ಹೆಸರಿನಲ್ಲೂ ನಾಬೋತರಿಗೆ ಅನ್ಯಾಯ ಆಗಬಹುದು. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ ಆ ಕಾಡಿನಲ್ಲಿ ಬಾಳಿದವರು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಅದಕ್ಕಾಗಿ ಅವರು ಬಹಳ ದಿನ ಹೋರಾಡಬೇಕಾಯಿತು.

ದೇವರ ವಾಕ್ಯ ಎರಡೂ ಕಡೆ ಹಿಡಿದು ನಮ್ಮನ್ನು ನಿಲ್ಲಿಸುತ್ತದೆ. ಭೂಮಿ ಸರ್ವೇಶ್ವರನದು, ನಾವು ಅದರಲ್ಲಿ ಒಕ್ಕಲು ಮಾತ್ರ ಎಂದು ಯಾಜಕಕಾಂಡ ಹೇಳುತ್ತದೆ; ಆದ್ದರಿಂದ ಪಟ್ಟಾ ನನ್ನ ಹೆಸರಿನಲ್ಲಿದೆ ಎಂದು ಎದೋಮಿನಂತೆ ಅಡ್ಡ ನಿಲ್ಲುವಂತಿಲ್ಲ. ಅದೇ ಕಾರಣಕ್ಕೆ ದೊಡ್ಡವರು ಬಡವನ ಭೂಮಿಯನ್ನು ಅಹಾಬನಂತೆ ಕಿತ್ತುಕೊಳ್ಳುವಂತೆಯೂ ಇಲ್ಲ.

4. ಎಲ್ಲರೂ ಹೊರುವ ಹೊರೆ

ಈ ಎರಡರ ನಡುವೆ ಒಂದು ದಾರಿ ಉಂಟು. ಅದೇ ಭೂ ಟ್ರಸ್ಟ್. ಅನೇಕರು ಹಣ ಸೇರಿಸಿ, ಮಾರಲು ಒಪ್ಪಿದವರಿಂದ ಸರಿಯಾದ ಬೆಲೆಗೆ ಜಮೀನು ಕೊಂಡು, ಮುಂದೆ ಯಾರೂ ಮಾರದಂತೆ, ಕಟ್ಟಡ ಕಟ್ಟದಂತೆ ಕಾಪಾಡುವುದು ಅದರ ಕೆಲಸ. ಇಂಗ್ಲೆಂಡಿನಲ್ಲಿ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಹುಟ್ಟಿದಾಗ ಅದಕ್ಕೆ ಸಿಕ್ಕ ಮೊದಲ ಭೂಮಿ ಐದು ಎಕರೆಯೂ ಇರಲಿಲ್ಲ. ವೇಲ್ಸಿನ ಒಂದು ಗುಡ್ಡದ ಇಳಿಜಾರನ್ನು ಒಬ್ಬ ಮಹಿಳೆ ದಾನ ಕೊಟ್ಟಿದ್ದರು. ಅಮೆರಿಕದ ಜಾರ್ಜಿಯಾದಲ್ಲಿ ಕಪ್ಪು ಜನಾಂಗದ ರೈತರಿಗಾಗಿ 1969ರಲ್ಲಿ ಮೊದಲ ಸಮುದಾಯ ಭೂ ಟ್ರಸ್ಟ್ ಕಟ್ಟಿದವರು ನಮ್ಮ ವಿನೋಬಾ ಭಾವೆಯವರ ಗ್ರಾಮದಾನದಿಂದ ಪ್ರೇರಣೆ ಪಡೆದಿದ್ದರು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ಒಬ್ಬರು ಕೊಟ್ಟ ನೂರು ಎಕರೆಯಿಂದ ಮೊದಲಾದ ಭೂದಾನವೇ ಮುಂದೆ ಗ್ರಾಮದಾನವಾಗಿ ಬೆಳೆದದ್ದು.

ಆನೆ ದಾರಿಗಾಗಿಯೂ ಈ ಕೆಲಸ ನಮ್ಮ ನೆರೆಯಲ್ಲೇ ನಡೆದಿದೆ. ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ದಾರಿಯಲ್ಲಿ ನಾಲ್ಕು ಜನವಸತಿಗಳಿದ್ದವು. ರಾತ್ರಿಯಾದರೆ ಹೊರಗೆ ಕಾಲಿಡಲು ಭಯ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಇತರ ಸಂಸ್ಥೆಗಳ ನೆರವಿನಿಂದ ಅಲ್ಲಿನ ಜಮೀನು ಕೊಂಡು, ಒಪ್ಪಿದ 37 ಕುಟುಂಬಗಳಿಗೆ ಬೇರೆಡೆ ನೆಲೆ ಮಾಡಿಕೊಟ್ಟಿತು. ಆ ಭೂಮಿಯನ್ನು 2015ರಲ್ಲಿ ಕೇರಳ ಸರ್ಕಾರಕ್ಕೆ ಒಪ್ಪಿಸಿತು. ಚಾಮರಾಜನಗರ ಜಿಲ್ಲೆಯ ಎಡೆಯಾರಳ್ಳಿ–ದೊಡ್ಡಸಂಪಿಗೆ ದಾರಿಯಲ್ಲೂ ಇದೇ ಸಂಸ್ಥೆ ಸುಮಾರು 25 ಎಕರೆ ಕೊಂಡು ಅರಣ್ಯ ಇಲಾಖೆಗೆ ಕೊಟ್ಟಿತು. ಕಾಡಿನ ಲೆಕ್ಕದಲ್ಲಿ 25 ಎಕರೆ ಏನೂ ಅಲ್ಲ. ಆದರೆ ಬಾಗಿಲು ಮನೆಗಿಂತ ಯಾವಾಗಲೂ ಚಿಕ್ಕದೇ.

ಕಾನೂನಿನ ದಾರಿಯೂ ಇದೆ. ನೀಲಗಿರಿಯ ಸಿಗೂರು ಸೀಮೆಯಲ್ಲಿ ತಮಿಳುನಾಡು ಸರ್ಕಾರ 2010ರಲ್ಲಿ ಘೋಷಿಸಿದ ಆನೆ ದಾರಿಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 14ರಂದು ಎತ್ತಿಹಿಡಿಯಿತು. ಕಾನೂನು ಬೇಕು. ಆದರೆ ಅಂಚಿನ ರೈತನ ನಷ್ಟವನ್ನು ಹತ್ತು ಜನ ಹಂಚಿಕೊಳ್ಳುವಂತೆ ಮಾಡುವುದು ಕಾನೂನೊಂದರಿಂದ ಆಗುವ ಕೆಲಸವಲ್ಲ. ಒಬ್ಬರ ಹೊರೆಯನ್ನು ಒಬ್ಬರು ಹೊರಬೇಕೆಂದು ಪ್ರೇಷಿತ ಪೌಲರು ಗಲಾತ್ಯರಿಗೆ ಬರೆದದ್ದು ಇಂಥ ಕಡೆಗೇ ಸಲ್ಲುತ್ತದೆ.

5. ನಮ್ಮ ಧರ್ಮಕೇಂದ್ರದಲ್ಲಿ

ಜಮೀನು ಕೊಳ್ಳುವ ಶಕ್ತಿ ನಮಗಿಲ್ಲ. ಆದರೂ ನಾಲ್ಕು ಕೆಲಸಗಳು ನಮ್ಮ ಕೈಯಲ್ಲಿವೆ.

ಒಂದು, ಬೇಲಿಗೆ ಮೇನ್ ಲೈನಿನಿಂದ ನೇರ ಕರೆಂಟ್ ಕೊಡುವುದನ್ನು ನಮ್ಮಲ್ಲಿ ಯಾರೂ ಮಾಡದಿರೋಣ. ಅದು ಕಾನೂನಿಗೆ ವಿರುದ್ಧ. ಅದರಿಂದ ಆನೆಯೂ ಸಾಯುತ್ತದೆ, ಬೆಳಗಿನ ಜಾವ ನೀರು ಕಟ್ಟಲು ಹೋದ ನೆರೆಯವನೂ ಸಾಯುತ್ತಾನೆ. ಕೊಲ್ಲಬೇಡ ಎಂಬ ಆಜ್ಞೆ ಹೊಲದ ಅಂಚಿಗೂ ಅನ್ವಯಿಸುತ್ತದೆ.

ಎರಡು, ಬೆಳೆ ನಷ್ಟವಾದವರಿಗೆ ಪರಿಹಾರ ಸಿಗುವಂತೆ ನೆರವಾಗೋಣ. ಅರ್ಜಿ ತಮಿಳಿನಲ್ಲಿ ಬರೆಯಬೇಕು. ನಮ್ಮ ಹಿರಿಯರಲ್ಲಿ ಹಲವರು ಕನ್ನಡ ಮಾತ್ರ ಓದುವವರು. ಫೋಟೋ, ಪಟ್ಟಾ, ಚಿಟ್ಟಾ ಜೋಡಿಸಲಾಗದೆ ಸುಮ್ಮನಾದವರಿದ್ದಾರೆ. ತಮಿಳು ಶಾಲೆಯಲ್ಲಿ ಓದಿದ ನಮ್ಮ ಯುವಕ ಯುವತಿಯರು ಭಾನುವಾರದ ಪೂಜೆಯ ನಂತರ ಒಂದು ಗಂಟೆ ಕೂತರೆ ಇದು ಆಗುವ ಕೆಲಸ. ಇದೂ ದೇವಸೇವೆಯೇ.

ಮೂರು, ಕಾಡಂಚಿನ ಜಮೀನು ಮಾರುವ ಕಷ್ಟ ಬಂದವರು ರೆಸಾರ್ಟಿನವರಿಗೆ ಅಡ್ವಾನ್ಸ್ ಒಪ್ಪಿಕೊಳ್ಳುವ ಮೊದಲು ನೆರೆಹೊರೆಯವರೊಡನೆ ಮಾತಾಡಲಿ. ನೆರೆಹೊರೆಯವರು ಅವರ ಕಷ್ಟವನ್ನೂ ಕೇಳಲಿ.

ನಾಲ್ಕು, ಧರ್ಮಕೇಂದ್ರದ ಜಮೀನಿಗೆ ಬೇಲಿ ಹಾಕುವಾಗ ಅದರಾಚೆ ಯಾರ ಹೊಲವಿದೆ ಎಂದು ಮೊದಲು ನೋಡೋಣ. ಉಪದೇಶ ಮಾಡುವ ನಾವೇ ಎದೋಮ್ ಆಗಬಾರದು.

ಕೀರ್ತನೆ 104 ರಾತ್ರಿಯನ್ನು ಕಾಡುಪ್ರಾಣಿಗಳಿಗೂ ಹಗಲನ್ನು ದುಡಿಯುವ ಮನುಷ್ಯನಿಗೂ ಹಂಚಿಕೊಡುತ್ತದೆ. ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ವಾಹನಗಳಿಗೆ ನಿರ್ಬಂಧ ಬಂದಾಗ ನಮಗೂ ತೊಂದರೆಯಾಯಿತು, ನಾವೂ ಗೊಣಗಿದೆವು. ಆದರೆ ದೇವರು ಹೊತ್ತನ್ನು ಹಂಚಿದವರು, ಜಾಗವನ್ನೂ ಹಂಚಿದವರು. ಆ ಪಾಲಿನಲ್ಲಿ ನಮಗೆ ಬಂದದ್ದು ಸಾಲದು ಎನ್ನುವ ಮೊದಲು, ನಮಗಿಂತ ಕಡಿಮೆ ಬಂದವರು ಯಾರು ಎಂದು ಕೇಳಿಕೊಳ್ಳೋಣ.

ಕಿರುಸಮುದಾಯದ ಕೂಟಗಳಲ್ಲಿ ಚರ್ಚಿಸಲು

1. ನಮ್ಮ ಊರಿನಲ್ಲಿ ಆನೆ ನಡೆಯುತ್ತಿದ್ದ ಹಳೆಯ ದಾರಿ ಯಾವುದು? ಹಿರಿಯರನ್ನು ಕೇಳಿ. ಈಗ ಅಲ್ಲಿ ಏನಿದೆ?

2. ಈ ವರ್ಷ ಅತಿ ಹೆಚ್ಚು ಬೆಳೆ ಕಳೆದುಕೊಂಡ ಮನೆ ಯಾವುದು? ಆ ಮನೆಗೆ ನಾವು ಹೋಗಿದ್ದೇವೆಯೇ?

3. ಎದೋಮಿನ ಅರಸನಿಗೂ ಅವನದೇ ಭಯವಿತ್ತು. ಅವನ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?

ಪ್ರಾರ್ಥನೆ

ಭೂಮಿಯ ಒಡೆಯರಾದ ಸರ್ವೇಶ್ವರಾ, ನಿಮ್ಮ ನೆಲದಲ್ಲಿ ನಾವು ಒಕ್ಕಲು. ರಾತ್ರಿ ಹೊಲ ಕಾಯುವವರನ್ನು ಕಾಪಾಡಿರಿ. ಆನೆಯಿಂದ ಮನೆಯವರನ್ನು ಕಳೆದುಕೊಂಡವರಿಗೆ ಸಮಾಧಾನ ಕೊಡಿರಿ. ನೀರು ಹುಡುಕಿ ನಡೆಯುವ ಜೀವಿಗಳಿಗೆ ದಾರಿ ತೋರಿಸಿರಿ. ದಾರಿ ಬಿಡುವ ಮನಸ್ಸನ್ನೂ, ಅದರ ನಷ್ಟವನ್ನು ಹಂಚಿಕೊಳ್ಳುವ ಕೈಗಳನ್ನೂ ನಮಗೆ ಅನುಗ್ರಹಿಸಿರಿ. ನಮ್ಮ ಪ್ರಭು ಯೇಸುಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.