ಹಳೆಯ ಕಾರಿನ ಸದ್ದಡಗಿಸುವ ಬಗೆ

ಬೆಂಗಳೂರು ಎಂಬ ಹೆಸರನ್ನು ಹೊತ್ತ, ಕ್ರಿ.ಶ. 890ರ ಸುಮಾರಿನ ವೀರಗಲ್ಲು ಇರುವುದು ಬೇಗೂರಿನ ದೇವಾಲಯದಲ್ಲಿ. ಅದು ತಿಳಿಸುವುದು ಒಂದು ಕಾಳಗದ ಸಂಗತಿಯನ್ನು. ಇಂದು ಬೇಗೂರಿನಿಂದ ಬೊಮ್ಮನಹಳ್ಳಿಯವರೆಗೆ ಹಳೆಯ ಕಾರಿನಲ್ಲಿ ಪಯಣಿಸಿದವರಿಗೆ ಆ ಕಾಳಗವಿನ್ನೂ ಮುಗಿದಂತೆ ತೋರುವುದಿಲ್ಲ.

ನಮ್ಮ ಮನೆಯಲ್ಲಿ 1985ರ ಒಂದು ಪ್ರೀಮಿಯರ್ ಪದ್ಮಿನಿ ಇದೆ. ಅದನ್ನು ಕೊಂಡವರು ನಮ್ಮ ತಂದೆಯವರು. ಈಗ ಅವರಿಗೆ ಕಿವಿ ಮಂದವಾಗಿದೆ. ಶ್ರವಣಸಾಧನವನ್ನು ಧರಿಸಿ ಮನೆಯಲ್ಲಿ ಚೆನ್ನಾಗಿಯೇ ಮಾತನಾಡುವ ಅವರು, ಕಾರು ಹೊರಟೊಡನೆ ಮೌನವಾಗಿಬಿಡುತ್ತಿದ್ದರು. ಕೇಳಿದಾಗ, “ಗುಂಯ್ ಎನ್ನುವುದೊಂದೇ ಕೇಳುತ್ತದೆ, ಮಾತು ಕೇಳುವುದಿಲ್ಲ” ಎಂದರು. ಈ ಮಾತಿನಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಅಡಗಿದೆ.

ನಾಲ್ಕು ಸಿಲಿಂಡರುಗಳ, ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ದಂಡವು ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಿಲಿಂಡರುಗಳಲ್ಲಿ ಇಂಧನವು ಉರಿಯುತ್ತದೆ. ನಿಮಿಷಕ್ಕೆ 3000 ಸುತ್ತುಗಳೆಂದರೆ ಸೆಕೆಂಡಿಗೆ 50 ಸುತ್ತುಗಳು; ಆದುದರಿಂದ ಸೆಕೆಂಡಿಗೆ 100 ದಹನಗಳು. ಕಾರಿನೊಳಗಣ ಗುಂಯ್‌ಕಾರದ ಮುಖ್ಯ ಆವೃತ್ತಿ ಹೀಗೆ 100 ಹರ್ಟ್ಸ್. ಮಾತಿನಲ್ಲಿ ಒಂದು ಪದವನ್ನು ಮತ್ತೊಂದರಿಂದ ಬೇರ್ಪಡಿಸುವ ಸ, ತ, ಕ ಮೊದಲಾದ ವ್ಯಂಜನಗಳು ಇದಕ್ಕಿಂತ ಬಹು ಮೇಲಿನ ಆವೃತ್ತಿಯವು. ಅವುಗಳ ಶಕ್ತಿಯಾದರೋ ಅತ್ಯಲ್ಪ. ಪ್ರಬಲವಾದ ಕೆಳದನಿ ತನಗಿಂತ ಮೇಲಿನ ದುರ್ಬಲ ದನಿಗಳನ್ನು ಮರೆಮಾಡುತ್ತದೆ. ಇದು ನಮ್ಮ ಕಿವಿಯ ಸ್ವಭಾವವೇ ಆಗಿದೆ. ಮಂದವಾದ ಕಿವಿಗಂತೂ ಇದರ ಬಾಧೆ ಇನ್ನೂ ಹೆಚ್ಚು.

ಸದ್ದನ್ನು ತಡೆಯಬೇಕಾದುದು ಕಾರಿನ ತಗಡು. 0.8 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಸುಮಾರು 6.3 ಕಿಲೋಗ್ರಾಂ ತೂಗುತ್ತದೆ. ಗೋಡೆಯ ತೂಕ ಇಮ್ಮಡಿಯಾದರೆ ಅದು ತಡೆಯುವ ಸದ್ದು 6 ಡೆಸಿಬೆಲ್‌ನಷ್ಟು ಹೆಚ್ಚುತ್ತದೆ. ಆವೃತ್ತಿ ಇಮ್ಮಡಿಯಾದರೂ ಅಷ್ಟೇ. ಈ ನಿಯಮದಂತೆ ಲೆಕ್ಕ ಹಾಕಿದರೆ ನಮ್ಮ ತಗಡು 500 ಹರ್ಟ್ಸ್‌ನಲ್ಲಿ ಸುಮಾರು 23 ಡೆಸಿಬೆಲ್, 100 ಹರ್ಟ್ಸ್‌ನಲ್ಲಿ ಕೇವಲ 9 ಡೆಸಿಬೆಲ್ ತಡೆಯುತ್ತದೆ. ಅಂದರೆ ನಮ್ಮನ್ನು ಹೆಚ್ಚು ಪೀಡಿಸುವ ದನಿಗೇ ಬಾಗಿಲು ಹೆಚ್ಚು ತೆರೆದಿದೆ!

ತಗಡು ಹೊರಗಿನ ಸದ್ದನ್ನು ಒಳಬಿಡುವುದಷ್ಟೇ ಅಲ್ಲ, ತಾನೂ ಮಿಡಿಯುತ್ತದೆ. ಊಟದ ಸ್ಟೀಲ್ ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆರಳಿನಿಂದ ಬಡಿಯಿರಿ. ಅದು ಬಹಳ ಹೊತ್ತು ಝೇಂಕರಿಸುತ್ತದೆ. ಅಂಗೈಯನ್ನು ಅದರ ಮೈಗೆ ಒತ್ತಿ ಮತ್ತೆ ಬಡಿಯಿರಿ. ‘ಡಬ್’ ಎಂದು ಅಲ್ಲಿಗೇ ನಿಲ್ಲುತ್ತದೆ. ಅಂಗೈಯ ಮೃದುವಾದ ಮಾಂಸವು ಕಂಪನದ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿತು. ಮೃದಂಗದ ಎಡಮುಖಕ್ಕೆ ರವೆಯ ಕಣಕವನ್ನು ಹಚ್ಚುವುದನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಮುಖ್ಯವಾದುದು ತೂಕ. ತೂಕ ಹೆಚ್ಚಿದುದರಿಂದ ದನಿ ಕೆಳಗಿಳಿಯುತ್ತದೆ. ಬಲಮುಖದ ಕರಣೆಯ ತೂಕವು ಮೇಲುದನಿಗಳನ್ನು ಹೇಗೆ ಸ್ವರಕ್ಕೆ ಹೊಂದಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ನರು ಸೊಗಸಾಗಿ ವಿವರಿಸಿದ್ದಾರೆ. ಕಾರಿನ ಬಾಗಿಲಿಗೆ ಸ್ವರ ಕೂಡಿಸುವುದು ನಮ್ಮ ಉದ್ದೇಶವಲ್ಲ. ಅದು ಸುಮ್ಮನಿದ್ದರೆ ಸಾಕು.

ಇದಕ್ಕಾಗಿ ದೊರೆಯುವ ಹಾಳೆಯಲ್ಲಿ ಎರಡು ಪದರಗಳಿವೆ: ಅಂಟಾದ ಬ್ಯುಟೈಲ್ ರಬ್ಬರು, ಅದರ ಮೇಲೆ ಅಲ್ಯೂಮಿನಿಯಂ ತಗಡು. ಬಾಗಿಲಿನ ತಗಡು ಬಾಗಿದಾಗ ಮೇಲಿನ ಅಲ್ಯೂಮಿನಿಯಂ ಸುಲಭವಾಗಿ ಹಿಗ್ಗಲೊಲ್ಲದು. ನಡುವಿನ ರಬ್ಬರು ಎರಡಕ್ಕೂ ಸಿಕ್ಕಿ ಅತ್ತಿತ್ತ ಜಗ್ಗಲ್ಪಡುತ್ತದೆ, ಆ ಜಗ್ಗಾಟದಲ್ಲಿ ಕಂಪನದ ಶಕ್ತಿ ವ್ಯಯವಾಗುತ್ತದೆ. ಅಲ್ಯೂಮಿನಿಯಂ ಬರಿಯ ಅಲಂಕಾರವೆಂದು ತಿಳಿದು ಅಗ್ಗದ ಹಾಳೆಯನ್ನು ಕೊಳ್ಳುವವರು ಇದನ್ನು ಗಮನಿಸಬೇಕು. ತಗಡು ಹೆಚ್ಚಾಗಿ ಮಿಡಿಯುವುದು ನಡುಭಾಗದಲ್ಲಿ. ಅಂಚುಗಳು ಗಟ್ಟಿಯಾಗಿ ಬಿಗಿದಿರುತ್ತವೆ. ಆದುದರಿಂದ ನಡುವಿನ ಮೂರನೆಯ ಒಂದು ಭಾಗವನ್ನು ಮುಚ್ಚಿದರೂ ಝೇಂಕಾರ ಬಹುಮಟ್ಟಿಗೆ ಅಡಗುತ್ತದೆ. ಕಾರಿನ ಮೈಯೆಲ್ಲ ಮೆತ್ತುವುದು ಹಣಕ್ಕೂ ಪೆಟ್ರೋಲಿಗೂ ದಂಡ. ಡಾಂಬರಿನ ಹಾಳೆ ಬಿಸಿಲಿಗೆ ಮೆತ್ತಗಾಗುವುದರಿಂದ ಚಾವಣಿಗೆ ಅದು ಸಲ್ಲದು. ಏಪ್ರಿಲ್ ತಿಂಗಳಿನಲ್ಲಿ ಕಳಚಿ ತಲೆಯ ಮೇಲೆ ಬಿದ್ದೀತು.

ಮಿಡಿತ ನಿಂತರೂ ಗಾಳಿಯ ಮೂಲಕ ಬರುವ ಸದ್ದು ಉಳಿಯುತ್ತದೆ. ಎಂಜಿನ್ನಿಗೂ ನಮ್ಮ ಕಾಲಿಗೂ ನಡುವಿನ ಗೋಡೆಯನ್ನು ಪರೀಕ್ಷಿಸಿದರೆ, ತಂತಿಗಳು, ಕೇಬಲುಗಳು, ಸ್ಟಿಯರಿಂಗ್ ದಂಡ ಹಾದುಬರುವ ರಂಧ್ರಗಳ ರಬ್ಬರು ಬಳೆಗಳು ಹಳೆಯ ಕಾರಿನಲ್ಲಿ ಒಣಗಿ ಉದುರಿಹೋಗಿರುವುದು ಕಾಣುತ್ತದೆ. ಈ ಕಿಂಡಿಗಳ ಮಹಿಮೆಯನ್ನು ನೋಡಿ. ಒಂದು ಚದರ ಮೀಟರಿನ ಗೋಡೆ 30 ಡೆಸಿಬೆಲ್ ತಡೆಯುತ್ತದೆ ಎಂದರೆ, ತನ್ನ ಮೇಲೆ ಬಿದ್ದ ಸದ್ದಿನ ಸಾವಿರದ ಒಂದು ಪಾಲನ್ನು ಮಾತ್ರ ಒಳಬಿಡುತ್ತದೆ ಎಂದರ್ಥ. ಅದರಲ್ಲಿ ಒಟ್ಟು 10 ಚದರ ಸೆಂಟಿಮೀಟರ್ ಕಿಂಡಿಗಳಿರಲಿ. ಬೆಂಕಿಪೊಟ್ಟಣದ ಮುಖದಷ್ಟೂ ಆಗದು. ಇದೂ ಗೋಡೆಯ ಸಾವಿರದ ಒಂದು ಪಾಲು, ಬಿದ್ದುದನ್ನೆಲ್ಲ ಒಳಬಿಡುತ್ತದೆ. ಇಷ್ಟು ಚಿಕ್ಕ ಕಿಂಡಿ ಇಡೀ ಗೋಡೆಯಷ್ಟೇ ಸದ್ದನ್ನು ತರುತ್ತದೆ! ಮೊದಲು ಕೊಳ್ಳಬೇಕಾದುದು ಕೆಲವು ರೂಪಾಯಿಗಳ ರಬ್ಬರು ಬಳೆಗಳನ್ನು. ಆಮೇಲೆ ಸಾವಿರಾರು ರೂಪಾಯಿಗಳ ಹಾಳೆಗಳನ್ನು. ಎಂಜಿನ್ನಿನ ಹೊಗೆ ಒಳನುಗ್ಗುವುದೂ ಇದರಿಂದ ತಪ್ಪುತ್ತದೆ.

ನಾವು ಮೊದಲು ಮಾಡಿದುದು ಇದಾವುದನ್ನೂ ಅಲ್ಲ. ನೆಲದ ಮೇಲೆ ದಪ್ಪನೆಯ ಸೆಣಬಿನ ಕಂಬಳಿಯನ್ನು ಅಂಟಿಸಿ ತೃಪ್ತರಾದೆವು. 100 ಹರ್ಟ್ಸ್ ದನಿಯ ತರಂಗದೂರ ಸುಮಾರು 3.4 ಮೀಟರ್, ಅದನ್ನು ಹೀರಲು ಬೆರಳು ದಪ್ಪದ ಕಂಬಳಿಗೆ ಶಕ್ತಿಯಿಲ್ಲ. ತರಗತಿಯಲ್ಲಿ ಇದನ್ನೇ ಬೋಧಿಸುವ ನಮಗೆ ಕಾರಿನ ಬಳಿ ಅದು ನೆನಪಾಗಲಿಲ್ಲವೆಂಬುದು ನಾಚಿಕೆಯ ಸಂಗತಿ. ಅದಕ್ಕೂ ದೊಡ್ಡ ಅನಾಹುತ ಮಳೆಗಾಲದಲ್ಲಿ ಆಯಿತು. ಗಾಜಿನ ಸಂದಿನಿಂದ ಇಳಿದ ನೀರನ್ನು ಕಂಬಳಿ ಕುಡಿದು ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿತು. ಒಂದು ದಿನ ತಂದೆಯವರು ಕಾರನ್ನು ಹತ್ತುವಾಗ ಅವರ ಊರುಗೋಲು ನೆಲವನ್ನು ತೂರಿ ರಸ್ತೆಗೆ ತಾಗಿತು. ಕಾಲಿಗೆ ಪೆಟ್ಟಾಗದಿದ್ದುದು ಪುಣ್ಯ.

ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸುಗೆ ಹಾಕಿಸಿದೆವು. ಈ ಸಲ ಮೊದಲು ನೀರು ಸುರಿದು ಸೋರುವ ಸಂದುಗಳನ್ನೆಲ್ಲ ಹುಡುಕಿ ಮುಚ್ಚಿದೆವು. ಉಳಿದ ತುಕ್ಕನ್ನು ಉಜ್ಜಿ, ತುಕ್ಕುನಿರೋಧಕ ಬಣ್ಣ ಬಳಿದು, ಒಣಗಿದ ಮೇಲೆ ಸ್ಪಿರಿಟ್ಟಿನಿಂದ ಜಿಡ್ಡನ್ನು ಒರೆಸಿ ಹಾಳೆಯನ್ನು ಅಂಟಿಸಿದೆವು. ಹಾಳೆಯ ಅಡಿಯಲ್ಲಿ ಗಾಳಿ ಉಳಿಯದಂತೆ ಸಣ್ಣ ಉರುಳೆಯಿಂದ ಒತ್ತಬೇಕು; ಗುಳ್ಳೆಯಿದ್ದಲ್ಲಿ ಅಂಟಿಲ್ಲ, ಅಂಟಿಲ್ಲದಲ್ಲಿ ಜಗ್ಗಾಟವಿಲ್ಲ. ಬಾಗಿಲುಗಳ ಕೆಳ ಅಂಚಿನ ಸಣ್ಣ ತೂತುಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಮಳೆನೀರಿನ ದಾರಿ. ಅವನ್ನು ಸದ್ದಿನ ಕಿಂಡಿಗಳೆಂದು ಬಗೆದು ಮುಚ್ಚಿದವರ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ನೆಲಕ್ಕೆ, ಹಾಳೆಯ ಮೇಲೆ ನೀರು ಹೀರದ ಸ್ಪಂಜು, ಅದರ ಮೇಲೆ ಭಾರವಾದ ವಿನೈಲ್ ಹಾಸು. ಇವನ್ನು ಅಂಟಿಸಲಿಲ್ಲ, ಮಳೆಗಾಲದಲ್ಲಿ ಎತ್ತಿ ನೋಡಲು ಬರಬೇಕಲ್ಲವೆ?

ಗುಂಯ್‌ಕಾರ ಪೂರ್ಣವಾಗಿ ಹೋಗಲಿಲ್ಲ. 100 ಹರ್ಟ್ಸ್ ಅಷ್ಟು ಸುಲಭವಾಗಿ ಸೋಲುವ ಶತ್ರುವಲ್ಲ. ಆದರೆ ತಗಡುಗಳ ಝೇಂಕಾರವೂ ಕಿಂಡಿಗಳ ಕಿರುಚಾಟವೂ ಅಡಗಿದುವು. ಮೊದಲ ದಿನ ಹೊಸೂರು ರಸ್ತೆಯನ್ನು ಸೇರುವವರೆಗೂ ತಂದೆಯವರು ಎಂದಿನಂತೆ ಸುಮ್ಮನೆ ಕುಳಿತಿದ್ದರು. ಬಳಿಕ ಮುಂದಕ್ಕೆ ಬಾಗಿ, ಕಿವಿಗೊಟ್ಟು, “ಟ್ಯಾಪೆಟ್ ಸಡಿಲವಾಗಿದೆ ಕಣೋ, ಟಿಕ್ ಟಿಕ್ ಎನ್ನುತ್ತಿದೆ. ನಾಳೆಯೇ ಸರಿಮಾಡಿಸು” ಎಂದರು. ಆ ಸದ್ದು ಅದುವರೆಗೆ ನಮಗಾರಿಗೂ ಕೇಳಿಸಿರಲಿಲ್ಲ.