ಮೊದಲ ಪೋಸ್ಟಿಂಗ್‌ಗೆ ಹೊರಟ ಮಕ್ಕಳಿಗೆ

ಜಿಲ್ಲಾ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಬಹುಕಾಲದಿಂದ ದುಡಿಯುತ್ತಿರುವವಳು ನಾನು. ಬಿ.ಎಸ್ಸಿ. ನರ್ಸಿಂಗ್ ಮತ್ತು ಜಿಎನ್‌ಎಂ ಮೊದಲ ವರ್ಷದ ಮಕ್ಕಳು ಹೊಸ ಯೂನಿಫಾರ್ಮಿನಲ್ಲಿ ಬಂದು ವಾರ್ಡಿನ ಬಾಗಿಲಲ್ಲೇ ಗುಂಪಾಗಿ ನಿಂತುಬಿಡುತ್ತಾರೆ, ಒಳಗೆ ಕಾಲಿಡಲು ಯಾರೂ ಮುಂದಾಗುವುದಿಲ್ಲ. ಅವರ ಜೊತೆಗಿದ್ದು ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಭಯ ಹೋದಮೇಲೆ ಕೆಲಸ ಶುರುಮಾಡೋಣ ಎಂದುಕೊಳ್ಳಬೇಡಿ. ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಅಂಗೈ ಬೆವರುವುದು ಎಲ್ಲರಿಗೂ ಇದ್ದದ್ದೇ. ‘ನನ್ನ ಕೈಯಿಂದ ರೋಗಿಗೆ ಏನಾದರೂ ಆದರೆ?’ ಎಂಬುದೇ ಹೆಚ್ಚಿನವರ ಚಿಂತೆ. ಆದರೆ ಮೊದಲ ಪೋಸ್ಟಿಂಗ್‌ನಲ್ಲಿ ರೋಗಿಯ ಹೊಣೆ ನಿಮ್ಮೊಬ್ಬರ ಮೇಲೆ ಬೀಳಬಾರದು. ಹಾಸಿಗೆ ಸರಿಪಡಿಸುವುದು, ಮೈ ಒರೆಸುವುದು, ಬಾಯಿ ಸ್ವಚ್ಛ ಮಾಡುವುದು, ಟಿಪಿಆರ್, ಬಿಪಿ ನೋಡಿ ಬರೆಯುವುದು, ಇವೇ ಆರಂಭದ ಕೆಲಸಗಳು. ಇವನ್ನೂ ಟ್ಯೂಟರ್ ಎದುರಿಗೇ ಮಾಡುತ್ತೀರಿ.

2. ತಿಂಡಿ ತಿಂದೇ ಬನ್ನಿ. ಗಾಬರಿಯಲ್ಲಿ ಹಾಸ್ಟೆಲ್ ತಿಂಡಿ ಬಿಟ್ಟು ಬಂದವರಿಗೆ ಡ್ರೆಸ್ಸಿಂಗ್ ಬಿಚ್ಚುವಾಗ ಕೀವಿನ ವಾಸನೆಗೆ ತಲೆ ಸುತ್ತುತ್ತದೆ. ನಾಡಿ ನಿಧಾನವಾಗಿ, ಬಿಪಿ ಇಳಿದು, ಮಿದುಳಿಗೆ ರಕ್ತ ಕಡಿಮೆಯಾಗುವುದರಿಂದ ಹೀಗಾಗುತ್ತದೆ. ಮಂಡಿ ಬಿಗಿಹಿಡಿದು ಅಲ್ಲಾಡದೆ ನಿಂತರೆ ಇನ್ನೂ ಬೇಗ. ಕಣ್ಣು ಮಂಜಾಗಿ ಕಿವಿ ಗುಂಯ್ ಎಂದ ಕೂಡಲೇ ಟ್ಯೂಟರ್‌ಗೆ ಹೇಳಿ ನೆಲದ ಮೇಲಾದರೂ ಸರಿ, ಕುಳಿತುಬಿಡಿ. ಟ್ರಾಲಿ ಹಿಡಿದು ನಿಲ್ಲಬೇಡಿ, ಅದಕ್ಕೆ ಚಕ್ರವಿದೆ. ಮೊದಲ ವಾರ ಹೀಗೆ ಕುಸಿದು ಕುಳಿತವರು ಮುಂದೆ ಐಸಿಯುನಲ್ಲಿ ಗಟ್ಟಿಯಾಗಿ ನಿಂತು ಕೆಲಸ ಮಾಡಿದ್ದನ್ನು ಕಂಡಿದ್ದೇನೆ.

3. ಕೈಗೆ ಒಂದು ಖಚಿತವಾದ ಕೆಲಸ ಕೊಡಿ. ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ವಾರ್ಡಿಗೆ ಬಂದೊಡನೆ ಸೋಪು ಹಚ್ಚಿ, ಕಲಿಸಿಕೊಟ್ಟ ಕ್ರಮದಲ್ಲೇ 40ರಿಂದ 60 ಸೆಕೆಂಡು ಕೈ ತೊಳೆಯಿರಿ. ಆಮೇಲೆ ಒಬ್ಬ ರೋಗಿಯ ನಾಡಿ ಹಿಡಿಯಿರಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಪೂರ್ತಿ ಒಂದು ನಿಮಿಷ ಎಣಿಸಿ. ಲಯ ತಪ್ಪಿದೆಯೇ ಎಂಬುದು ಆಗಲೇ ತಿಳಿಯುವುದು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಾಡಿ 60ರಿಂದ 100 ಇರಬೇಕು. ಎಣಿಸಿ ಮುಗಿದರೂ ಬೆರಳು ತೆಗೆಯದೆ ಎದೆಯ ಏರಿಳಿತ ನೋಡುತ್ತ ಉಸಿರು ಎಣಿಸಿ. ಅದು 12ರಿಂದ 20 ಇರಬೇಕು. ಉಸಿರು ಎಣಿಸುತ್ತಿದ್ದೇವೆ ಎಂದು ಗೊತ್ತಾದರೆ ರೋಗಿ ತನಗರಿವಿಲ್ಲದೆ ಅದರ ಲಯ ಬದಲಿಸುತ್ತಾರೆ, ಅದಕ್ಕೇ ಈ ಕ್ರಮ. ಇನ್ನೊಬ್ಬರ ನಾಡಿಗೆ ಹೀಗೆ ಮನಸ್ಸು ಕೊಟ್ಟಾಗ ನಿಮ್ಮ ಎದೆಬಡಿತವೂ ತಹಬಂದಿಗೆ ಬರುತ್ತದೆ.

4. ಮುಟ್ಟುವ ಮೊದಲು ಮಾತಾಡಿಸಿ. “ಅಜ್ಜಿ, ನಾನು ನರ್ಸಿಂಗ್ ಓದ್ತಾ ಇದೀನಿ, ನಿಮ್ಮ ಬಿಪಿ ನೋಡ್ಲಾ?” ಅಷ್ಟು ಸಾಕು. ಅವರು ಬೇಡವೆಂದರೆ ಬೇಸರ ಮಾಡಿಕೊಳ್ಳದೆ ಟ್ಯೂಟರ್‌ಗೆ ತಿಳಿಸಿ. ಕೇರಳದಿಂದ ಬಂದು ಓದುವ ಮಕ್ಕಳಿಗೆ ಭಾಷೆಯದೇ ದೊಡ್ಡ ಭಯ. ಅವರಿಗೆ ನಾನು ಮೊದಲು ಕಲಿಸುವುದು ನಾಲ್ಕು ಮಾತು: “ನೋವು ಎಲ್ಲಿದೆ?” “ಊಟ ಆಯ್ತಾ?” “ನಿದ್ದೆ ಬಂತಾ?” “ಸ್ವಲ್ಪ ಈ ಕಡೆ ತಿರುಗ್ತೀರಾ?” ಉಳಿದದ್ದನ್ನು ರೋಗಿಗಳೇ ಪ್ರೀತಿಯಿಂದ ಕಲಿಸುತ್ತಾರೆ.

5. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎನ್ನಿ. ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಸ್ಟೆತೊಸ್ಕೋಪಿನಲ್ಲಿ ಸದ್ದು ಕೇಳದಿದ್ದರೆ ಹಿಂದಿನ ಶಿಫ್ಟಿನವರು ಬರೆದ 120/80ನ್ನೇ ಮತ್ತೆ ಬರೆಯಬೇಡಿ. ಆ ಅಂಕಿ ನೋಡಿಯೇ ವೈದ್ಯರು ಮಾತ್ರೆ ಹೆಚ್ಚಿಸುತ್ತಾರೆ, ನಿಲ್ಲಿಸುತ್ತಾರೆ. “ಸಿಸ್ಟರ್, ನನಗೆ ಕೇಳಿಸ್ತಿಲ್ಲ, ಒಮ್ಮೆ ನೋಡ್ತೀರಾ?” ಎಂದರೆ ಹೆಚ್ಚೆಂದರೆ ಒಂದು ಗದರಿಕೆ ಬಿದ್ದೀತು. ಕೈ ನಡುಗುವ ವಿದ್ಯಾರ್ಥಿಯ ಬಗ್ಗೆ ನನಗೆ ಆತಂಕವಿಲ್ಲ. ತಿಳಿಯದ್ದನ್ನು ಮುಚ್ಚಿಡುವ ವಿದ್ಯಾರ್ಥಿಯ ಬಗ್ಗೆ ಇದೆ.

6. ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಬೇಡಿ. ಸೋಪು, ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದಾದರೆ ಸಾಧ್ಯವಾದಷ್ಟು ಬೇಗ, ತೀರಾ ತಡವೆಂದರೂ 72 ಗಂಟೆಯೊಳಗೆ ಶುರುವಾಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಮುಗಿಯಲು ಆರು ತಿಂಗಳು ಹಿಡಿಯುತ್ತದೆ. ಹಾಗಾಗಿ ಕಾಲೇಜಿಗೆ ಸೇರಿದ ಕೂಡಲೇ ಕೇಳಿ ಹಾಕಿಸಿಕೊಳ್ಳಿ.

7. ಇದು ನನ್ನ ಜೊತೆಯ ಹಿರಿಯ ಸಿಸ್ಟರ್‌ಗಳಿಗೆ. ಹೊಸ ಮಕ್ಕಳು ಬಂದ ಬೆಳಗ್ಗೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಅವರ ಹೆಸರು ಕೇಳಿ. ಕೈ ತೊಳೆಯುವ ಜಾಗ, ತುರ್ತು ಔಷಧಿಯ ಟ್ರಾಲಿ, ಆಕ್ಸಿಜನ್, ಶೌಚಾಲಯ ಎಲ್ಲಿವೆ ಎಂದು ತೋರಿಸಿ. ತಿದ್ದುವುದಿದ್ದರೆ ರೋಗಿಯ ಎದುರಿಗೆ ಬೈಯಬೇಡಿ, ಪಕ್ಕಕ್ಕೆ ಕರೆದು ಹೇಳಿ. ಬೈಸಿಕೊಂಡ ಮಗು ಮುಂದಿನ ಸಲ ನಿಮ್ಮನ್ನು ಕೇಳಲು ಬರುವುದಿಲ್ಲ. ದಯವಿಟ್ಟು ಇಷ್ಟು ಮಾಡಿ.